ಅರವತ್ತೊಂದು ಸಾವಿರದ ನಾನೂರ ಇಪ್ಪತ್ತೇಳು

ಬೈಕಿನ ಹೆಡ್‌ಲೈಟಿನ ಎಡಗಡೆಯ ಸ್ಕ್ರೂ ಸುಲಭವಾಗಿ ಬಂತು, ಬಲಗಡೆಯದು ಬರಲಿಲ್ಲ. ಶೇಖರ್ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ ತಿರುಗಿಸಿದಷ್ಟೂ ಅದರ ತಲೆಯ ಗೀರು ಸವೆದು ಬೆಳ್ಳಗಾಯಿತು. ಬೆಳಗಿನ ಏಳಕ್ಕೇ ಕುರುಗೋಡಿನ ಗುಡ್ಡದ ಬಂಡೆಗಳು ಕಾಯತೊಡಗಿದ್ದವು. ಅಂಗಳದ ಕಲ್ಲುಹಾಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ ಅವನ ಬೆನ್ನು ಆಗಲೇ ಒದ್ದೆಯಾಗಿತ್ತು. ಹನ್ನೊಂದು ಗಂಟೆಗೆ ಬಳ್ಳಾರಿಯ ಪಾರ್ವತಿನಗರದ ಸಂಸ್ಥೆಯ ಆಫೀಸಿನಲ್ಲಿ ಅವನ ವಿಚಾರಣೆ. ವಿಚಾರಣೆ ಎಂಬ ಮಾತನ್ನು ಯಾರೂ ಬಳಸಿರಲಿಲ್ಲ, 'ಬಂದು ವಿವರಣೆ ಕೊಡಿ' ಎಂದಷ್ಟೇ ಮೊಬೈಲಿಗೆ ಬಂದಿತ್ತು. ಆದರೆ ನಲವತ್ತಾರು ವರ್ಷದ ಮನುಷ್ಯ, ಹದಿಮೂರು ವರ್ಷ ಕುರುಗೋಡು, ಸಿರುಗುಪ್ಪ ಎರಡೂ ತಾಲೂಕುಗಳಲ್ಲಿ ಟಿ.ಬಿ. ರೋಗಿಗಳ ಮನೆಮನೆಗೆ ಗುಳಿಗೆ ಹೊತ್ತವನು, ತಾನು ಮನೆಯ ಹೊಸಿಲು ದಾಟಿದ್ದು ನಿಜವೆಂದು ವಿವರಣೆ ಕೊಡಬೇಕಾಗಿ ಬಂದರೆ ಅದನ್ನು ಬೇರೆ ಏನೆಂದು ಕರೆಯುತ್ತಾರೆ?

ಹೆಂಡತಿ ಪಂಪಾವತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎರ್ರೆಪ್ಪನ ಗ್ಯಾರೇಜಿಗೆ ಒಯ್ದರ ಐದು ನಿಮಿಷದಾಗ ಬಿಚ್ಚಿಕೊಡತಾನ. ಅಷ್ಟಕ್ಕೂ ಆ ಮೀಟರ್ ಬಿಚ್ಚಿ ಏನು ಮಾಡತೀರಿ?"

"ಒಯ್ದು ಆ ಚನ್ನಬಸವರಾಜನ ಟೇಬಲ್ ಮ್ಯಾಲ ಇಡತೀನಿ."

"ಇಟ್ಟು?"

ಇಟ್ಟು ಏನೆಂದು ಅವನಿಗೂ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ಬೇಡವಾಗಿ ಮತ್ತೆ ಸ್ಕ್ರೂಡ್ರೈವರಿಗೆ ಕೈಹಾಕಿದ. ಮೀಟರಿನ ಗಾಜಿನ ಕೆಳಗೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದರ ಕೆಳಗಿನ ಕಿಂಡಿಯಲ್ಲಿ, ಲಕ್ಷ ಮುಟ್ಟಿದಾಗಲೆಲ್ಲ ಮತ್ತೆ ಸೊನ್ನೆಯಿಂದ ಶುರುವಾಗುವ ಅಂಕಿಗಳು: ಅರವತ್ತೊಂದು ಸಾವಿರದ ನಾನೂರ ಇಪ್ಪತ್ತೇಳು. ಏಳು ತಿಂಗಳಿಂದ ಅದೇ. ಹೊಸದಾಗಿ ಬಂದ ಮ್ಯಾನೇಜರ್ ಚನ್ನಬಸವರಾಜ ಎಲ್ಲ ಫೀಲ್ಡಿನವರೂ ಬೆಳಿಗ್ಗೆ ಹೊರಡುವಾಗ ಒಮ್ಮೆ, ಸಂಜೆ ಬಂದಮೇಲೆ ಒಮ್ಮೆ ಗಾಡಿಯ ಮೀಟರಿನ ಫೋಟೋ ತೆಗೆದು ಆಫೀಸಿನ ಮೊಬೈಲ್ ಗುಂಪಿಗೆ ಹಾಕಬೇಕೆಂದು ನಿಯಮ ಮಾಡಿದಾಗ ಶೇಖರ್ ಮೊದಲ ವಾರವೇ ಎದ್ದುನಿಂತು ಹೇಳಿದ್ದ, ನನ್ನ ಮೀಟರ್ ಓಡಂಗಿಲ್ಲರಿ ಸರ್ ಎಂದು. ಮಾಡಿಸಿಕೊಳ್ಳಿ, ಅಲ್ಲಿತನಕ ಹಾಗೇ ಕಳಿಸ್ತಿರಿ ಎಂದಿದ್ದ ಮ್ಯಾನೇಜರು. ಹಾಗೇ ಕಳಿಸಿದ. ದಿನಾ ಬೆಳಿಗ್ಗೆ ನಿಂತ ಮೀಟರಿನ ಒಂದು ಫೋಟೋ, ದಿನಾ ಸಂಜೆ ನಿಂತ ಮೀಟರಿನ ಇನ್ನೊಂದು ಫೋಟೋ. ಮಾಡಿಸಬಹುದಿತ್ತು, ದೊಡ್ಡ ಕೆಲಸವೇನಲ್ಲ. ಆದರೆ ಒಂದೊಂದು ಸಲ ಎರ್ರೆಪ್ಪನ ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿದಾಗಲೂ ಎದೆಯೊಳಗೆ ಏನೋ ಸೆಟೆದು ನಿಲ್ಲುತ್ತಿತ್ತು. ನನ್ನ ಮಾತಿಗಿಂತ ಒಂದು ಮೀಟರಿನ ಮಾತು ಹೆಚ್ಚು ಎನ್ನುವವನ ಸಲುವಾಗಿ ನಾನೇಕೆ ಮಾಡಿಸಲಿ? ಹೀಗೆ ಏಳು ತಿಂಗಳು. ಹೋದ ಸೋಮವಾರದ ಮೀಟಿಂಗಿನಲ್ಲಿ ಆ ಫೋಟೋಗಳೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಬಿದ್ದವು, ಒಂದರ ಹಿಂದೆ ಒಂದು, ಎಲ್ಲದರಲ್ಲೂ ಅದೇ ಅಂಕಿ. ಚನ್ನಬಸವರಾಜ ನಗುನಗುತ್ತಲೇ ಹೇಳಿದ: "ಶೇಖರ್ ಸರ್ ಗಾಡಿ ಮನೆ ಮುಂದೆ ಸ್ಟ್ಯಾಂಡ್ ಹಾಕ್ಕೊಂಡೇ ಎರಡು ತಾಲೂಕು ಸುತ್ತಿ ಬರುತ್ತೆ." ಇಪ್ಪತ್ತು ಜನ ನಕ್ಕರು. ಟೈಪು ಮಾಡುವ ದಾಕ್ಷಾಯಣಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅದೆಲ್ಲ ಹೋಗಲಿ. ಎಲ್ಲರಿಗಿಂತ ಮೊದಲು ನಕ್ಕವನು ಶೇಖರನೇ. ಆ ನಗು ಹೇಗೆ ಬಂತು, ತನ್ನ ಬಾಯಿಯಿಂದಲೇ ಬಂತಲ್ಲ ಎಂದು ಮೂರು ದಿನದಿಂದ ಅವನು ತನ್ನ ದವಡೆಯನ್ನೇ ಹಿಡಿದು ಕೇಳುತ್ತಿದ್ದ.

ಸ್ಕ್ರೂ ಬರಲಿಲ್ಲ. ಗುಳಿಗೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಗಾಡಿ ತೆಗೆದ. ಗುರುವಾರವಾದ್ದರಿಂದ ಚೀಲದಲ್ಲಿ ಸಿರುಗುಪ್ಪದ ಕಡೆಯ ರೋಗಿಗಳ ಗುಳಿಗೆ ಪಟ್ಟಿಗಳಿದ್ದವು, ಒಬ್ಬೊಬ್ಬರಿಗೆ ವಾರಕ್ಕೆ ಏಳು ಗುಳಿಗೆಯ ಒಂದು ಪಟ್ಟಿ.

ಎರ್ರೆಪ್ಪ ಸ್ಕ್ರೂವಿನ ತಲೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಬೀಡಿ ಹಚ್ಚಿದ. "ಹೊಡದಾಡಬಾರದು ಶೇಖರಣ್ಣ. ಹಳೇ ಗಾಡಿಗೆ ಸ್ವಲ್ಪ ಟೈಮ್ ಕೊಡಬೇಕು." ಬೀಡಿ ಮುಗಿಯುವಷ್ಟರಲ್ಲಿ ಸ್ಕ್ರೂ ಸಡಿಲಾಗಿತ್ತು. ಹೆಡ್‌ಲೈಟಿನ ಮುಖ ಕಳಚಿ ವೈರಿನ ಮೇಲೆ ಜೋತುಬಿತ್ತು. ಅದರ ಹಿಂದಿನ ಬಟ್ಟಲಿನೊಳಗೆ ಹಸಿರು, ಕಂದು, ಕಪ್ಪು ವೈರುಗಳು ಗಂಟುಗಂಟಾಗಿದ್ದವು. ಎರ್ರೆಪ್ಪ ಯಾವುದು ಎಲ್ಲಿ ಸೇರುತ್ತದೆಂದು ಒಂದು ಫೋಟೋ ತೆಗೆದುಕೊಂಡು ಜೋಡಣೆಗಳನ್ನು ಒಂದೊಂದಾಗಿ ಬಿಡಿಸಿದ. ಮೀಟರಿನ ಬುಡದಲ್ಲಿ ಕೇಬಲ್ಲನ್ನು ಹಿಡಿದಿದ್ದ ದುಂಡನೆಯ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ತೆಗೆದ. ಆಮೇಲೆ ಕೆಳಗಿನಿಂದ ಪಾನಾ ಹಾಕಿ ಎರಡು ನಟ್ಟು. ಅವುಗಳ ಜೊತೆಗೆ ಒಣಗಿ ಸೀಳಿದ ರಬ್ಬರಿನ ಬಿಲ್ಲೆಗಳು ಉದುರಿದವು. ಮೀಟರಿನ ಬೆನ್ನಿಗೆ ಚುಚ್ಚಿದ್ದ ಪುಟ್ಟ ಬಲ್ಬುಗಳನ್ನು ಅವನು ಎಳೆದುಬಿಟ್ಟ ಮೇಲೆ ಇಡೀ ಡ್ಯಾಶು ಅವನ ಕೈಗೆ ಬಂತು. ಇಪ್ಪತ್ತೇಳು ವರ್ಷ ಅದು ಕೂತಿದ್ದ ಜಾಗದಲ್ಲಿ ಕಬ್ಬಿಣ ಹೊಸದರಂತೆ ಕರ್ರಗೆ ಹೊಳೆಯುತ್ತಿತ್ತು. ಈ ಗಾಡಿ ಬಾದನಹಟ್ಟಿಯ ಅವರ ಕೇರಿಗೆ ಬಂದ ಮೊದಲನೆಯದು. ಅಪ್ಪ ಜೋಗಪ್ಪ ಹೊಸ ಗಾಡಿಯ ಹಿಂದೆ ಶೇಖರನನ್ನು ಕೂರಿಸಿಕೊಂಡು ಊರೊಳಕ್ಕೆ ಬಂದವನು ಗೌಡರ ಮನೆಯ ತಿರುವು ಬಂದಕೂಡಲೇ ಎಂಜಿನ್ ಆರಿಸಿ ಇಳಿದಿದ್ದ. ಯಾರೂ ಇಳಿ ಎಂದಿರಲಿಲ್ಲ. ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದ್ದರು ಅಷ್ಟೆ. ಅಪ್ಪ ಮುಂದಿನಿಂದ, ಮಗ ಹಿಂದಿನಿಂದ ಗಾಡಿ ತಳ್ಳಿಕೊಂಡು ಆ ಓಣಿ ದಾಟಿದರು. ದಾಟಿದ ಮೇಲೆ ಅಪ್ಪ ಮೀಟರನ್ನು ತೋರಿಸಿ, "ನೋಡಲೇ, ತಳ್ಳಿದ್ರೂ ಓಡತೈತಿ. ಇದರ ಮ್ಯಾಲ ಯಾರು ಕುಂತಾರ, ಯಾರು ಇಳದಾರ, ಇದಕ್ಕೇನು ಗೊತ್ತು" ಎಂದು ನಕ್ಕಿದ್ದ. ಹತ್ತೊಂಬತ್ತು ವರ್ಷದ ಶೇಖರನಿಗೆ ಅಪ್ಪ ನಕ್ಕದ್ದು ಆಗ ಅಸಹ್ಯವೆನಿಸಿತ್ತು. ಹಾಗಾದರೆ ನಗು ಅಲ್ಲಿಂದ ಬಂದದ್ದು. ಗಾಡಿಯ ಜೊತೆಗೇ ಬಂದದ್ದು.

"ಇಲ್ಲಿ ನೋಡು" ಎಂದ ಎರ್ರೆಪ್ಪ. ಕೇಬಲ್ಲಿನ ಒಳತಂತಿಯನ್ನು ಮೇಲಿನಿಂದ ಎಳೆದಿದ್ದ. ಒಂದು ಮೊಳದಷ್ಟು ಬಂದು ತುಂಡಾಗಿ ಹೊರಬಿತ್ತು, ಗ್ರೀಸು ಸುಟ್ಟ ಎಣ್ಣೆಯಂತೆ ಕಪ್ಪಾಗಿತ್ತು. "ಮೀಟರ್ ಬರೋಬ್ಬರಿ ಐತಿ. ಚಕ್ರ ತಿರಗತೈತಿ, ತಂತಿ ನಡುವ ಕಡದೈತಿ, ಮ್ಯಾಲ ಸುದ್ದಿ ಮುಟ್ಟಂಗಿಲ್ಲ. ಹೊಸಾ ಕೇಬಲ್ ಹಾಕ್ಲ್ಯಾ?"

"ಈಗ ಬ್ಯಾಡ. ಈ ತುಂಡೂ ಕೊಡು, ಮೀಟರೂ ಕೊಡು. ಟವಲಿನ್ಯಾಗ ಸುತ್ತು."

ಆಫೀಸಿನ ಕತೆಯನ್ನು ಎರ್ರೆಪ್ಪ ಪೂರ್ತಿ ಕೇಳಿಸಿಕೊಂಡ. ಕೇಳಿ, ಮೀಟರಿನ ಗಾಜನ್ನು ಉಗುರಿನಿಂದ ತಟ್ಟಿದ. "ಎಷ್ಟು ಅಡ್ಡಾಡಿರಬಹುದು ನೀ ಏಳು ತಿಂಗಳಾಗ?"

"ಹದಿನೆಂಟು ಸಾವಿರದ ಮ್ಯಾಲ."

"ಗಾಜು ಬಿಚ್ಚಿ ಸೂಜೀಲೆ ಅಂಕಿ ತಿರುಗಿಸಿಬಿಡತೀನಿ. ಎಂಬತ್ತು ಸಾವಿರ ಮಾಡಿಕೊಡತೀನಿ, ಅರ್ಧ ತಾಸಿನ ಕೆಲಸ. ನಿನ್ನೆ ಮಾಡಿಸೀನಿ, ಒಳಗ ಓಡತಿತ್ತು, ಮ್ಯಾಲ ಕಾಣತಿರಲಿಲ್ಲ ಅನ್ನು. ಗಾಡಿ ಮಾರೋರೆಲ್ಲ ಬಂದು ಹಿಂದಕ್ಕ ತಿರುಗಿಸು ಅಂತಾರ. ಮುಂದಕ್ಕ ತಿರುಗಿಸೋದು ಇದೇ ಮೊದಲು."

"ಖರೇ ಹೇಳಾಕ ನಾ ಸುಳ್ಳು ಅಂಕಿ ಮಾಡಿಸಬೇಕೇನು?"

"ನಿನಗ ನೌಕರಿ ಬೇಕೋ, ಖರೇ ಬೇಕೋ?" ಎಂದು ಎರ್ರೆಪ್ಪ ಸಹಜವಾಗಿ ಕೇಳಿದ. ಶೇಖರನಿಗೆ ಮೈಯೆಲ್ಲ ಉರಿಯಿತು. ಟವಲಿನ ಗಂಟನ್ನು ಚೀಲಕ್ಕೆ ಹಾಕಿಕೊಂಡು ಮಾತಾಡದೆ ಗಾಡಿ ಹತ್ತಿದ.

ಬಳ್ಳಾರಿಯ ದಾರಿಯುದ್ದಕ್ಕೂ ಅವನು ಚನ್ನಬಸವರಾಜನೊಡನೆ ಮಾತಾಡಿದ. ಹ್ಯಾಂಡಲಿನ ನಡುವೆ ಈಗ ಬರಿಯ ಕಬ್ಬಿಣದ ಪಟ್ಟಿ, ಟೇಪು ಸುತ್ತಿದ ವೈರು. ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆಂದು ಏಳು ತಿಂಗಳಿಂದಲೂ ಗೊತ್ತಾಗುತ್ತಿರಲಿಲ್ಲ; ಆದರೆ ನೋಡಲು ಒಂದು ಮುಖವಾದರೂ ಇತ್ತು. ಸರ್, ನಾನು ನಿಮ್ಮ ಹಾಗೆ ಕಾರಿನಲ್ಲಿ ಬಂದು ಬೋರ್ಡಿನ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವವನಲ್ಲ. ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಕೂತು ಕೆಮ್ಮುವವರ ಪಕ್ಕ ಕೂತವನು ನಾನು. ಅವರ ತಾಟು ಬೇರೆ ಇಟ್ಟ ಮನೆಗಳಲ್ಲಿ ಅದೇ ತಾಟಿನಲ್ಲಿ ಮಂಡಕ್ಕಿ ತಿಂದು ತೋರಿಸಿದವನು. ಮಾತುಗಳು ಒಂದರ ಮೇಲೊಂದು ಚೆನ್ನಾಗಿ ಬಂದವು. ಭತ್ತದ ಹೊಟ್ಟು ಹೇರಿದ ಟ್ರಾಕ್ಟರೊಂದನ್ನು ಹಿಂದೆ ಹಾಕುವಾಗ ದೂಳು ಕಣ್ಣಿಗೆ ಹೊಡೆಯಿತು. ಕಣ್ಣುಜ್ಜಿಕೊಳ್ಳುವಾಗ ಮಾತು ತಪ್ಪಿತು. ತಪ್ಪಿದ ಜಾಗದಲ್ಲಿ ಹಚ್ಚೊಳ್ಳಿಯ ಕಾಲುವೆಯ ಸೇತುವೆ ನೆನಪಿಗೆ ಬಂತು.

ಅದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಮೂರು ದಿನದಿಂದ ಸಿಟ್ಟು ಎಲ್ಲಿಂದ ಶುರುವಾದರೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು. ಭತ್ತದ ಕೊಯ್ಲಿನ ದಿನಗಳ ಒಂದು ಗುರುವಾರ. ಸೇತುವೆಯ ಪಕ್ಕದ ಚಾದಂಗಡಿಯಲ್ಲಿ ಗಾಡಿ ನಿಲ್ಲಿಸಿದ್ದ. ಹಚ್ಚೊಳ್ಳಿ ಅಲ್ಲಿಂದ ಮೂರೇ ಕಿಲೋಮೀಟರ್. ಚಾ ಬರುವವರೆಗೆ ಮೊಬೈಲ್ ತೆರೆದರೆ ಬೆಳಿಗ್ಗೆ ಅವನು ಹಾಕಿದ್ದ ಮೀಟರಿನ ಫೋಟೋದ ಕೆಳಗೆ ಮ್ಯಾನೇಜರು ಒಂದು ಆಮೆಯ ಚಿತ್ರ ಅಂಟಿಸಿದ್ದ. ಅದರ ಕೆಳಗೆ ಸಾಲಾಗಿ ನಗುವ ಮುಖಗಳು, ಹದಿನಾಲ್ಕು. ಯಾರು ಯಾರು ಎಂದು ಒಂದೊಂದನ್ನೂ ಒತ್ತಿ ನೋಡಿದ. ಚಾ ಆರಿಹೋಯಿತು. ಆಮೇಲೆ ಅವನು ಮಾಡಿದ್ದು ಇಷ್ಟೆ: ಹೋದರೂ ಆಮೆ, ಹೋಗದಿದ್ದರೂ ಆಮೆ ಎಂದುಕೊಂಡು ರಿಜಿಸ್ಟರನ್ನು ತೊಡೆಯ ಮೇಲಿಟ್ಟು, ಪಾರಮ್ಮ, ಹಚ್ಚೊಳ್ಳಿ, ಗುಳಿಗೆ ಕೊಟ್ಟಿದೆ ಎಂಬ ಸಾಲಿನ ಮುಂದೆ ಗುರುತು ಹಾಕಿ, ಗಾಡಿ ತಿರುಗಿಸಿದ. ಹಿಂದಕ್ಕೆ ಬರುವಾಗ ಒಂದು ಬಗೆಯ ಸುಖವೂ ಆಗಿತ್ತು. ಅನ್ಯಾಯವಾದವನಿಗೆ ಒಂದು ದಿನ ರಜೆ ಸಲ್ಲಬೇಕಾದದ್ದೇ ಎಂಬಂತೆ. ಮುಂದಿನ ಗುರುವಾರ ಹೋಗಿ ಎರಡು ಪಟ್ಟಿ ಒಟ್ಟಿಗೆ ಕೊಟ್ಟರಾಯಿತು. ಮುಂದಿನ ಗುರುವಾರ ಬಳ್ಳಾರಿಯಲ್ಲಿ ತರಬೇತಿ ಇತ್ತು. ಅದರ ಮುಂದಿನ ಗುರುವಾರ ಅವನು ಹೋದಾಗ ಪಾರಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬೂದಿ ತುಂಬಿದ ತೆಂಗಿನ ಚಿಪ್ಪು. ಬೂದಿಯ ಮೇಲೆ ಕೆಂಪಗೆ.

ಅವತ್ತೇ ಅವಳನ್ನು ಸಿರುಗುಪ್ಪದ ಸಂಸ್ಥೆಯ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ರಿಜಿಸ್ಟರ್ ನೋಡಿದರು. ಕೊಟ್ಟಿದೆ ಎಂದಿತ್ತು. ಪಾರಮ್ಮನನ್ನು ನೋಡಿದರು. "ಕೊಟ್ಟ ಗುಳಿಗೆ ನುಂಗದೆ ಎಲ್ಲಿ ಬಿಸಾಕಿದೆ? ನಿಮ್ಮಂಥೋರಿಗೆ ಮನೆಬಾಗಿಲಿಗೆ ತಂದುಕೊಟ್ಟರೂ ಬೆಲೆ ಇಲ್ಲ" ಎಂದು ಇಡೀ ಸಾಲಿಗೆ ಕೇಳುವಂತೆ ಬೈದರು. ಚಿಕಿತ್ಸೆ ಮತ್ತೆ ಮೊದಲನೆಯ ದಿನದಿಂದ ಎಂದರು. ಪಾರಮ್ಮ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಕೆಲಸದವಳು, ಐವತ್ತೈದು ದಾಟಿದವಳು. ರೋಗ ತಗಲೀತೆಂದು ಅವಳ ಮಗಳು ಕೂಸನ್ನು ಎತ್ತಿಕೊಂಡು ಆದೋನಿಯಲ್ಲಿ ಗಂಡನ ಮನೆಯಲ್ಲಿದ್ದಳು, ಗುಳಿಗೆ ಮುಗಿದ ಮೇಲೆ ಬರುತ್ತೇನೆಂದಿದ್ದಳು. ಮೊದಲಿಂದ ಎಂಬ ಮಾತು ಕೇಳಿ ಪಾರಮ್ಮ ತಲೆ ಎತ್ತಿದಳು. ಎತ್ತಿ ಡಾಕ್ಟರನ್ನಲ್ಲ, ಶೇಖರನನ್ನು ನೋಡಿದಳು. ಏನೂ ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಆಮೇಲೆ ಒಂದು ಗುರುವಾರವೂ ತಪ್ಪಿಸದೆ ಹೋದ; ಹೋದಾಗಲೆಲ್ಲ ಅವಳು ಖಾಲಿ ಪಟ್ಟಿ ಕೊಟ್ಟು ತುಂಬಿದ ಪಟ್ಟಿ ತೆಗೆದುಕೊಳ್ಳುತ್ತಿದ್ದಳು, ಅಷ್ಟೆ.

ಅದು ಒಂದು ದಿನ, ಇದು ಏಳು ತಿಂಗಳು, ಎಂದು ಬಳ್ಳಾರಿಯ ಮೊದಲ ಸಿಗ್ನಲ್ಲಿನಲ್ಲಿ ನಿಂತು ಅವನು ಜೋರಾಗಿಯೇ ಹೇಳಿಕೊಂಡ. ಪಕ್ಕದ ಆಟೋದವನು ತಿರುಗಿ ನೋಡಿದ.

ಪಾರ್ವತಿನಗರದ ಆಫೀಸು ಒಂದು ಬಾಡಿಗೆ ಬಂಗಲೆ. ಚಪ್ಪಲಿ ಹೊರಗೆ ಬಿಡಬೇಕು. ಬರಿಗಾಲಿಗೆ ತಣ್ಣನೆಯ ನೆಲ ತಾಗಿದಕೂಡಲೇ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಚನ್ನಬಸವರಾಜ ಎದ್ದುನಿಂತು, "ಬನ್ನಿ ಸರ್, ಕೂತ್ಕೊಳ್ಳಿ, ನೀರು ಕುಡಿಯಿರಿ" ಎಂದ. ಮೂವತ್ತೆರಡು ವರ್ಷ, ಇಸ್ತ್ರಿಯ ಅಂಗಿ. ಅವನ ಮರ್ಯಾದೆಯೇ ಶೇಖರನಿಗೆ ಹೆಚ್ಚು ಚುಚ್ಚುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಕೂರಲಿಲ್ಲ. ಟವಲು ಬಿಚ್ಚಿ ಮೀಟರನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಇಟ್ಟ. ಅದರ ಮುಂದೆ ತಂತಿಯ ತುಂಡು. ಗ್ರೀಸು ಬಿಳಿಯ ಟೇಬಲ್ಲಿನ ಮೇಲೆ ಒಂದು ಗೆರೆ ಎಳೆಯಿತು. ಮೂಲೆಯಲ್ಲಿ ಟೈಪು ಮಾಡುತ್ತಿದ್ದ ದಾಕ್ಷಾಯಣಿಯ ಬೆರಳುಗಳು ನಿಂತವು.

"ಇದು ಏನು ಸರ್?"

"ಗೋಡಿ ಮ್ಯಾಲ ದೊಡ್ಡದಾಗಿ ತೋರಿಸಿದ್ರಲ್ಲರಿ, ಅದೇ. ಸಣ್ಣದಾಗಿ ಹೆಂಗೈತಿ ನೋಡ್ರಿ ಅಂತ ತಂದೀನಿ. ತಂತಿ ಕಡದೈತಿ. ಮೊದಲನೇ ವಾರ ನಿಮಗ ಹೇಳಿದ್ದೆ."

ಚನ್ನಬಸವರಾಜ ತಂತಿಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಅವನ ಕಿವಿ ಕೆಂಪಾಯಿತು. ಶೇಖರ್ ಅದಕ್ಕಾಗಿಯೇ ಮೂರು ದಿನ ಕಾದಿದ್ದ. ಈಗ ನೋಡಿದರೆ ಅದು ಬರಿ ಒಂದು ಕೆಂಪು ಕಿವಿ. "ಅರ್ಥ ಆಯ್ತು ಸರ್" ಎಂದ ಮ್ಯಾನೇಜರು ಬೇಗಬೇಗನೆ. "ಅವತ್ತು ನಾನು ತಮಾಷೆಗೆ ಅಂದಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾಳಿದ್ದು ಮೇಲಿನವರು ತಪಾಸಣೆಗೆ ಬರ್ತಿದ್ದಾರೆ, ಅಷ್ಟರೊಳಗೆ ನಿಮ್ಮ ಫೈಲ್ ಕ್ಲೋಸ್ ಆಗಬೇಕು. ದಾಕ್ಷಾಯಣಿ, ಹೇಳಿದ್ದು ಟೈಪ್ ಮಾಡಿ. ಕೇಬಲ್ ತುಂಡಾಗಿದ್ದರಿಂದ ಮೀಟರ್ ಓಡಿಲ್ಲ. ಏಳು ತಿಂಗಳಲ್ಲಿ ರಿಜಿಸ್ಟರಿನಲ್ಲಿ ನಮೂದಾದ ಎಲ್ಲ ಭೇಟಿಗಳೂ ನಡೆದಿವೆ. ಕೆಳಗೆ ಸರ್ ಹೆಸರು."

ಕಾಗದ ಯಂತ್ರದಿಂದ ಬಿಸಿಯಾಗಿ ಬಂತು. ಪೆನ್ನು ಕೊಟ್ಟರು. ಗೆದ್ದೆ, ಇಷ್ಟೇ, ಎಂದುಕೊಂಡ ಶೇಖರ್. ಆದರೆ ಸಿಟ್ಟು ಇಳಿಯಲಿಲ್ಲ. ಇನ್ನೂ ಮೇಲೆ ಏರಿತು. ಇದೇನು ನ್ಯಾಯ? ತಂತಿ ಕಡಿದಿದೆ ಎಂದರೆ ಮೀಟರ್ ಓಡಿಲ್ಲ ಎಂದಷ್ಟೇ. ನಾನು ಹೋಗಿದ್ದೆ ಎಂದು ಅದು ಎಲ್ಲಿ ಹೇಳುತ್ತದೆ? ಏಳು ತಿಂಗಳು ನನ್ನ ಮಾತನ್ನು ನಂಬದವನು ಒಂದು ಮೊಳ ತುಕ್ಕು ತಂತಿ ನೋಡಿ ಒಂದೇ ಉಸಿರಿಗೆ ಎಲ್ಲ ನಂಬಿದ. ನಂಬಿದ್ದು ನನ್ನನ್ನಲ್ಲ, ನಾಳಿದ್ದು ಬರುವ ತಪಾಸಣೆಯನ್ನು. ಕಾಗದದ ಮೇಲೆ 'ಎಲ್ಲ' ಎಂಬ ಎರಡಕ್ಷರ ಸಣ್ಣಗೆ, ಚೊಕ್ಕಟವಾಗಿ ಕೂತಿತ್ತು. ಅವನು ಅದನ್ನೇ ನೋಡುತ್ತ ನಿಂತ.

"ಎಲ್ಲ ಅಲ್ರಿ" ಎಂದ. ತನ್ನ ದನಿ ತನಗೇ ಬೇರೆಯವರದರಂತೆ ಕೇಳಿಸಿತು. "ಒಂದು ದಿನ ಹೋಗಿಲ್ಲ. ಹಚ್ಚೊಳ್ಳಿ ಪಾರಮ್ಮನ ಮನಿಗೆ. ಸೇತುವಿ ತನಕ ಹೋಗಿ ತಿರುಗಿ ಬಂದೀನಿ. ಗುಳಿಗಿ ಕೊಟ್ಟೀನಿ ಅಂತ ಬರದೀನಿ."

ಚನ್ನಬಸವರಾಜ ನಕ್ಕ. "ಬಿಡಿ ಸರ್. ಒಂದು ದಿನ ಯಾರಿಗೆ ಆಗಲ್ಲ. ಇದನ್ನೆಲ್ಲ ಬರೆಯೋ ಅಗತ್ಯ ಇಲ್ಲ."

"ಆಕಿ ಗುಳಿಗಿ ಎರಡು ವಾರ ತಪ್ಪಿದ್ವು. ರಕ್ತ ಕಾರಿದಳು. ಬಿಸಾಕಿದೀಯಂತ ಡಾಕ್ಟ್ರು ಆಕಿನ್ನ ಎಲ್ಲರ ಮುಂದ ಬೈದ್ರು. ಬಿಸಾಕಿದಾಕಿ ಆಕಿ ಅಲ್ಲ."

"ಈಗ ಅದನ್ನ ಸೇರಿಸಿದರೆ ನಿಮ್ಮ ಒಬ್ಬರದ್ದಲ್ಲ, ಇಡೀ ರಿಪೋರ್ಟಿನ ಲೆಕ್ಕ ತಪ್ಪುತ್ತೆ. ನಾನು ನಿಮಗೆ ಸಹಾಯ ಮಾಡ್ತಿದ್ದೀನಿ, ಸೈನ್ ಮಾಡಿ."

"ನಾ ಖರೇ ಹೇಳಿದಾಗ ಸುಳ್ಳು ಅಂದ್ರಿ. ಸುಳ್ಳು ಐತ್ರಿ ಅಂದ್ರ ಖರೇ ಅಂತ ಸೈನ್ ಮಾಡು ಅಂತೀರಿ. ನಿಮಗ ಏನು ಬೇಕು ಅಷ್ಟರ ಹೇಳಿಬಿಡ್ರಿ ಸರ್."

ಉತ್ತರಕ್ಕೆ ಕಾಯದೆ ಅವನು ಬಗ್ಗಿ 'ಎಲ್ಲ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತನ್ನ ಕೈಬರಹದಲ್ಲಿ ಪಾರಮ್ಮನ ಹೆಸರು, ಆ ಗುರುವಾರದ ತಾರೀಕು, 'ಅವತ್ತು ನಾನು ಹೋಗಿಲ್ಲ, ಗುಳಿಗೆ ಕೊಟ್ಟಿಲ್ಲ' ಎಂದು ಬರೆದು ಸಹಿ ಮಾಡಿದ. ತಾರೀಕು ನೆನಪಿಸಿಕೊಳ್ಳಬೇಕಾಗಲಿಲ್ಲ. ಅಕ್ಷರ ಮಾತ್ರ ಕೆಟ್ಟವು. ಚನ್ನಬಸವರಾಜ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ಎರಡು ಸಲ ಓದಿದ. ಅವನ ಮುಖದಿಂದ ಮರ್ಯಾದೆ ಹೋಗಿರಲಿಲ್ಲ, ಒಣಗಿತ್ತು. "ಸೋಮವಾರದಿಂದ ಫೀಲ್ಡಿಗೆ ಹೋಗಬೇಡಿ. ಮುಂದಿನದು ಮೇಲಿನವರು ತೀರ್ಮಾನ ಮಾಡ್ತಾರೆ. ಈ ಸಾಮಾನು ತಗೊಂಡು ಹೋಗಿ, ಟೇಬಲ್ ಗಲೀಜಾಗಿದೆ."

ಶೇಖರ್ ಟವಲಿನಿಂದ ಗ್ರೀಸಿನ ಗೆರೆಯನ್ನು ಒರೆಸಹೋದವನು ಅರ್ಧಕ್ಕೆ ಕೈ ಹಿಂದೆ ತೆಗೆದ. ಒರೆಸಲಿಲ್ಲ.

ದಾರಿಯ ಊರುಗಳ ರೋಗಿಗಳಿಗೆ ಗುಳಿಗೆ ಕೊಡುತ್ತ ಸಿರುಗುಪ್ಪ ದಾಟುವ ಹೊತ್ತಿಗೆ ಬಿಸಿಲು ನೆತ್ತಿಯಿಂದ ಇಳಿದಿತ್ತು. ಗಿರಣಿಗಳ ಹೊಗೆ, ಭತ್ತ ಬೇಯುವ ವಾಸನೆ. ಅವನಿಗೆ ಹಗುರವೆನಿಸಿತ್ತು, ನೌಕರಿ ಹೋದೀತೆಂಬ ಭಯದ ಮೇಲೆಯೂ ಒಂದು ತೇಲುವ ಹೆಮ್ಮೆ. ಪಾರಮ್ಮನಿಗೆ ಹೇಳಬೇಕು. ಹೇಗೆ ಹೇಳುತ್ತೇನೆ, ಅವಳು ಹೇಗೆ ಕೇಳುತ್ತಾಳೆ ಎಂದು ಚಿತ್ರಿಸಿಕೊಂಡ. ಅವಳ ಕಣ್ಣಲ್ಲಿ ನೀರು ಬರಬಹುದು. ಇರಲಿ ಬಿಡಪ್ಪ ಎನ್ನಬಹುದು. ಸೇತುವೆಯ ಬಳಿ ಚಾದಂಗಡಿಯವನು ಕೈ ಎತ್ತಿದ. ಇವನೂ ಎತ್ತಿ ನಿಲ್ಲದೆ ಹೋದ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

ಪಾರಮ್ಮ ಬಾಗಿಲ ಮುಂದೆ ತೊಟ್ಟು ಬಿಡಿಸಿ ಮೆಣಸಿನಕಾಯಿ ಹರವುತ್ತಿದ್ದಳು. ಅವನನ್ನು ಕಂಡು ಒಳಗೆ ಹೋಗಿ ಖಾಲಿ ಪಟ್ಟಿ ತಂದಳು. ಅವನು ಹೊಸ ಪಟ್ಟಿ ಕೊಡದೆ, ನಿಂತಲ್ಲೇ, ಎಲ್ಲವನ್ನೂ ಹೇಳಿದ. ಆ ಗುರುವಾರ, ಸೇತುವೆ, ರಿಜಿಸ್ಟರು, ಇವತ್ತು ಆಫೀಸಿನಲ್ಲಿ ಬರೆದುಕೊಟ್ಟದ್ದು, ಸೋಮವಾರದಿಂದ ಬರುವುದಿಲ್ಲ ಎಂಬುದು. ಆಮೆಯ ಸಂಗತಿಯನ್ನೂ ಹೇಳಹೊರಟ. ಅದು ಅವಳ ಮುಂದೆ ಎಷ್ಟು ಸಣ್ಣದಾಗಿ ಕಂಡಿತೆಂದರೆ ನಡುವೆಯೇ ಬಿಟ್ಟ.

ಪಾರಮ್ಮ ಮೆಣಸಿನಕಾಯಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೀ ಬರಲಿಲ್ಲಂತ ನನಗ ಗೊತ್ತಿಲ್ಲೇನು? ಹೊತ್ತು ಮುಣುಗೋತನಕ ಇಲ್ಲೇ ಕುಂತಿದ್ದೆ. ನನಗ ಯಾಕ ಹೇಳತಿ?"

"ಡಾಕ್ಟ್ರು ಬೈದಾಗ ನೀ ಯಾಕ ಸುಮ್ನಿದ್ದಿ ಅವ್ವ?"

"ಪುಸ್ತಕ ನಿನ್ನ ಕೈಯಾಗ ಇತ್ತು. ನಾ ಅಂದಿದ್ರ ಯಾರು ಕೇಳತಿದ್ರು?" ಅವಳ ದನಿಯಲ್ಲಿ ಅಳು ಇರಲಿಲ್ಲ. "ಊರಾಗೆಲ್ಲ ಅಂತಾರ, ಗುಳಿಗಿ ಕಾಲುವಿಗೆ ಚೆಲ್ಲಿ ಮಗಳನ್ನ ದೂರ ಮಾಡಿಕೊಂಡಳು ಅಂತ. ಮಗಳೂ ಫೋನಿನ್ಯಾಗ ಅದನ್ನೇ ಅಂದಳು. ಇವತ್ತು ಗುರುವಾರ. ಡಾಕ್ಟರಮ್ಮ ಇರತಾಳೇನು?"

"ಐದರ ತನಕ ಇರತಾರ."

"ನಡಿ ಹಂಗಾದ್ರ. ಅಲ್ಲಿ ಹೇಳು."

ಅವಳು ಬೀಗ ಹಾಕಿಕೊಂಡು ಬಂದು ಗಾಡಿಯ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಳು. ಅವನ ಹೆಗಲು ಹಿಡಿಯಲಿಲ್ಲ. ಸೀಟಿನ ಕಂಬಿ ಹಿಡಿದಳು. ಮತ್ತೆ ಅದೇ ದಾರಿ. ಅವಳಿಗೆ ಕೆಮ್ಮು ಬಂದಾಗಲೆಲ್ಲ ಅವನು ನಿಧಾನ ಮಾಡಿದ. ಎರಡನೆಯ ಸಲ ನಿಧಾನ ಮಾಡಿದಾಗ, "ಜಲ್ದಿ ನಡಿ, ಎದ್ದು ಹೋಗತಾಳ" ಎಂದಳು.

ದವಾಖಾನೆಯಲ್ಲಿ ಹತ್ತಾರು ಜನ ಬೆಂಚಿನ ಮೇಲಿದ್ದರು. ಡಾಕ್ಟರಮ್ಮ ಚೀಲ ಕಟ್ಟುವ ತಯಾರಿಯಲ್ಲಿದ್ದರು. ಶೇಖರ್ ಬಾಗಿಲ ಮರೆಯಲ್ಲಿ ತಗ್ಗಿದ ದನಿಯಲ್ಲಿ ಶುರುಮಾಡಿದ. ಪಾರಮ್ಮ ಹಿಂದಿನಿಂದ, "ಆವತ್ತು ಅವರು ಜೋರಾಗೇ ಅಂದಿದ್ರು" ಎಂದಳು. ಅವನ ಮುಖಕ್ಕೆ ರಕ್ತ ನುಗ್ಗಿತು. ಒಂದು ಕ್ಷಣ ಅವಳ ಮೇಲೆ ಕೆಟ್ಟ ಸಿಟ್ಟು ಬಂತು: ನಿನ್ನ ಸಲುವಾಗಿ ನೌಕರಿ ಕಳೆದುಕೊಂಡು ಬಂದಿದ್ದೇನೆ, ಇನ್ನೇನು ಬೇಕು? ಸಿಟ್ಟು ಬಂದಹಾಗೆಯೇ ಅದಕ್ಕೆ ನಿಲ್ಲಲು ಜಾಗವಿಲ್ಲದ್ದೂ ತಿಳಿಯಿತು. ಬೆಂಚಿನ ಕೊನೆಯವರೆಗೂ ಕೇಳುವಂತೆ ಮತ್ತೆ ಮೊದಲಿಂದ ಹೇಳಿದ. ಗುಳಿಗೆ ಕೊಡದೆ ಕೊಟ್ಟಿದ್ದೇನೆಂದು ಬರೆದವನು ನಾನು. ಇವಳು ಬಿಸಾಕಿಲ್ಲ. ಬೆಂಚಿನ ಮೇಲಿದ್ದವರ 'ಹೌದಾ' ಎಂಬ ಗುಜುಗುಜು ಕಿವಿಗೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೇ ಎಷ್ಟೋ ವಾಸಿಯಿತ್ತೆನಿಸಿತು.

ಡಾಕ್ಟರಮ್ಮ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಸರಿ, ಈಗ ಸರಿಯಾಗಿ ತಗೊಳ್ತಿದ್ದೀಯಲ್ಲಮ್ಮ, ಅಷ್ಟು ಸಾಕು" ಎಂದರು.

"ಸಾಕಾಗಂಗಿಲ್ರಿ" ಎಂದಳು ಪಾರಮ್ಮ. ಮಡಿಲಿನಿಂದ ತನ್ನ ಚಿಕಿತ್ಸೆಯ ಕಾರ್ಡು ತೆಗೆದು ಟೇಬಲ್ಲಿನ ಮೇಲೆ ಇಟ್ಟಳು. "ಇದರಾಗ ಬರದೀರಂತ. ನಾ ಗುಳಿಗಿ ಬಿಟ್ಟೀನಿ ಅಂತ. ಅದನ್ನ ಹೊಡದು ಖರೇ ಇದ್ದದ್ದು ಬರೀರಿ."

ಡಾಕ್ಟರಮ್ಮ ಗಡಿಯಾರ ನೋಡಿದರು, ಕಾರ್ಡು ನೋಡಿದರು. ಆಮೇಲೆ ಪೆನ್ನು ತೆಗೆದು ಒಂದು ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಏನೋ ಬರೆದು ಸಹಿ ಹಾಕಿದರು. "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದರು ಕಾರ್ಡು ಕೊಡುತ್ತ, ಅವಳ ಮುಖ ನೋಡದೆ. ಪಾರಮ್ಮ ಹೊರಗೆ ಬಂದು ಕಾರ್ಡನ್ನು ಬೆಳಕಿಗೆ ಹಿಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಶೇಖರ್ ಹತ್ತಿರ ಬಂದು, "ಕೊಡು ಅವ್ವ, ಓದತೀನಿ" ಎಂದು ಕೈ ಚಾಚಿದ.

"ನೀ ಅಲ್ಲ" ಎಂದಳು ಅವಳು. ಸಿಟ್ಟಿನಿಂದಲ್ಲ, ಪಾತ್ರೆಯನ್ನು ಬಿಸಿ ಇದೆ ಎಂದು ಸರಿಸಿದ ಹಾಗೆ. ಔಷಧಿಯ ಕಿಂಡಿಯ ಹತ್ತಿರ ನಿಂತಿದ್ದ ನರ್ಸಿನ ಬಳಿಗೆ ಹೋಗಿ, "ಏನು ಬರದಾರ ಓದವ್ವ" ಎಂದು ಕಾರ್ಡು ಕೊಟ್ಟಳು.

ನರ್ಸು ಓದಿದಳು: "ಎರಡು ವಾರ ಗುಳಿಗೆ ತಲುಪಿಲ್ಲ. ಸಿಬ್ಬಂದಿಯ ತಪ್ಪು. ರೋಗಿಯ ತಪ್ಪಿಲ್ಲ."

"ಇನ್ನೊಂದು ಸಲ ಓದು."

ನರ್ಸು ಇನ್ನೊಂದು ಸಲ ಓದಿದಳು. ಪಾರಮ್ಮ ತುಟಿ ಆಡಿಸಿ ಕೊನೆಯ ಮಾತನ್ನು ತನಗೆ ತಾನೇ ಹೇಳಿಕೊಂಡಳು, ಕಾರ್ಡನ್ನು ಮಡಿಲಿಗೆ ಸೇರಿಸಿದಳು. ಬಂದು ಶೇಖರನ ಚೀಲದ ಮುಂದೆ ಅಂಗೈ ಚಾಚಿದಳು. ಅವನು ವಾರದ ಪಟ್ಟಿ ಕೊಟ್ಟ. ಅವಳು ಅದನ್ನು ತಿರುಗಿಸಿ, ಏಳೂ ಇವೆಯೇ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಮನಿಗೆ ಬಿಟ್ಟು ಹೋಗತೀನಿ, ಹತ್ತು" ಎಂದ ಅವನು, ಗಾಡಿಯ ಹ್ಯಾಂಡಲ್ ಹಿಡಿದು.

"ಬ್ಯಾಡ. ಐದೂವರಿಗೆ ಬಸ್ಸೈತಿ" ಎಂದು ಪಾರಮ್ಮ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.